ಅಟ್ಟದ ಮೇಲಿನ ನಗೆ: ಕಾರ್ಟೂನುಗಳಲ್ಲಿ ದೊಡ್ಡವರ ಹಾಸ್ಯ ಮಕ್ಕಳಿಗೆ ಒದಗಿದ ಬಗೆ



ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ಮೇಷ್ಟರು ಈ ಸಲ ಕಾರ್ಟೂನುಗಳ ವಿಷಯಕ್ಕೆ ಕೈ ಹಾಕಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಶಾಸನ, ಕೋಟೆ, ಕೆರೆಗಳ ಬಗ್ಗೆ ಬರೆಯುತ್ತಿದ್ದವರಿಗೆ ಈ ವಯಸ್ಸಿನಲ್ಲಿ ಇದೇನು ಬುದ್ಧಿ ಎಂದು ನನ್ನ ಶ್ರೀಮತಿಯೇ ಕೇಳಿದ್ದಾಳೆ. ಆದರೆ ಕಳೆದ ಬೇಸಿಗೆ ರಜೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನನ್ನನ್ನು ಈ ವಿಷಯದೊಳಗೆ ಎಳೆದು ತಂದಿತು. ಜೊತೆಗೆ ಬಹಳ ಹಿಂದಿನ ನನ್ನದೇ ಒಂದು ತಪ್ಪನ್ನು ಕಣ್ಣೆದುರಿಗೆ ತಂದು ನಿಲ್ಲಿಸಿತು. ಎರಡನ್ನೂ ಮೊದಲು ಹೇಳಿಕೊಂಡು ಆಮೇಲೆ ಇತಿಹಾಸಕ್ಕೆ ಬರುತ್ತೇನೆ.

ಬೆಂಗಳೂರಿನಿಂದ ರಜೆಗೆ ಬಂದಿದ್ದ ಎಂಟು ವರ್ಷದ ಮೊಮ್ಮಗಳು ಒಂದು ಮಧ್ಯಾಹ್ನ 'ಮಿಸ್ಟರ್ ಪೀಬಾಡಿ ಅಂಡ್ ಶೆರ್ಮನ್' ಎಂಬ, 2014ರಲ್ಲಿ ಬಂದ ಇಂಗ್ಲಿಷ್ ಆನಿಮೇಷನ್ ಚಿತ್ರವನ್ನು ಹಾಕಿಕೊಂಡು ಕುಳಿತಿದ್ದಳು. ಮಹಾ ಪಂಡಿತನಾದ ಒಂದು ನಾಯಿ, ತಾನು ದತ್ತು ತೆಗೆದುಕೊಂಡ ಹುಡುಗನನ್ನು ಕಾಲಯಂತ್ರದಲ್ಲಿ ಕೂರಿಸಿಕೊಂಡು ಇತಿಹಾಸವನ್ನೆಲ್ಲ ಸುತ್ತಿಸುವ ಕಥೆ ಅದು. ಇತಿಹಾಸ ಎಂದೊಡನೆ ನಾನೂ ಪಕ್ಕದಲ್ಲಿ ಕುಳಿತೆ. ಫ್ರೆಂಚ್ ಕ್ರಾಂತಿಯ ಸಂದರ್ಭ ಬಂತು. ಕೇಕ್ ತಿನ್ನುತ್ತ ಕುಳಿತ ರಾಣಿ ಮಾರಿ ಆಂತ್ವಾನೆತ್‌ಳ ವಿಷಯದಲ್ಲಿ ನಾಯಿ ಒಂದು ಶ್ಲೇಷೆಯ ಮಾತನ್ನು ಹೇಳಿತು. ಕೇಕನ್ನು ಉಳಿಸಿಕೊಳ್ಳುವುದೂ ತಿನ್ನುವುದೂ ಒಟ್ಟಿಗೆ ಆಗದು ಎಂಬರ್ಥದ ಗಾದೆಯೊಂದು ಇಂಗ್ಲಿಷಿನಲ್ಲಿದೆ. ಅದರಲ್ಲಿ 'ತಿನ್ನುವುದು' ಎಂಬ ಅರ್ಥದ 'ಈಟ್ ಇಟ್' ಬರುವ ಕಡೆ, ರಾಜಾಜ್ಞೆ ಎಂಬ ಅರ್ಥದ 'ಈಡಿಕ್ಟ್' ಎಂಬ ಪದವನ್ನು ನಾಯಿ ಕೂರಿಸಿಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ.

"ಯಾಕೆ ತಾತ ನಕ್ಕಿದ್ದು?" ಎಂದಳು ಮಗು.

"ಅದು ದೊಡ್ಡವರ ತಮಾಷೆ ಪುಟ್ಟಿ, ನಿನಗೆ ಗೊತ್ತಾಗೋದಿಲ್ಲ," ಎಂದೆ.

ಪರದೆಯ ಮೇಲಿನ ಹುಡುಗನೂ ನಾಯಿಯ ಮಾತಿಗೆ ನಕ್ಕು, ತನಗೆ ಅದು ಅರ್ಥವಾಗಲಿಲ್ಲ ಎಂದ. ಮೊಮ್ಮಗಳು ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದಳು. ಆಮೇಲೆ ದಿಂಬನ್ನು ಎತ್ತಿಕೊಂಡು ಸೋಫಾದ ಆಚೆಯ ತುದಿಗೆ ಹೋಗಿ ಕುಳಿತಳು. ಚಿತ್ರ ಮುಗಿಯುವವರೆಗೂ ಮತ್ತೇನನ್ನೂ ಕೇಳಲಿಲ್ಲ.

ಅಂದು ರಾತ್ರಿ ನನಗೆ ನೆನಪಾದದ್ದು 1991ನೆಯ ಇಸವಿಯ ಒಂದು ತರಗತಿ. ವಿಷಯ ಪರಿವೀಕ್ಷಕರು ತಪಾಸಣೆಗೆಂದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಪಾಠ ಅದೇ ಫ್ರಾನ್ಸಿನ ಕ್ರಾಂತಿ. ಅವರನ್ನು ಮೆಚ್ಚಿಸಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಹದಿನಾರನೆಯ ಲೂಯಿಯ ಬಗ್ಗೆ ಒಂದು ಚಮತ್ಕಾರದ ಮಾತು ಹೇಳಿದೆ. (ಅದೇನೆಂದು ಕೊನೆಯಲ್ಲಿ ಹೇಳುತ್ತೇನೆ.) ಸಾಹೇಬರು ಗಟ್ಟಿಯಾಗಿ ನಕ್ಕರು. ಮೇಷ್ಟರೂ ಸಾಹೇಬರೂ ನಕ್ಕರೆಂದು ತರಗತಿಯೂ ನಕ್ಕಿತು. ಎರಡನೆಯ ಸಾಲಿನ ಒಬ್ಬ ಹುಡುಗ ಮಾತ್ರ ನಗದೆ ಎದ್ದುನಿಂತು, "ಅದರಲ್ಲಿ ನಗೋದು ಏನಿದೆ ಸಾರ್?" ಎಂದು ಕೇಳಿದ. ಅದು ಅಧಿಕಪ್ರಸಂಗವಲ್ಲ, ನಿಜವಾದ ಪ್ರಶ್ನೆ. "ಕೂತ್ಕೊಳಯ್ಯಾ, ಅದು ನಿನಗಲ್ಲ," ಎಂದುಬಿಟ್ಟೆ. ತರಗತಿ ಮತ್ತೊಮ್ಮೆ ನಕ್ಕಿತು, ಈ ಬಾರಿ ಅವನನ್ನು ನೋಡಿ. ಆ ಹುಡುಗ ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೆ ನನ್ನ ಪಾಠದಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಹೀಗಾಗಿ, ದೊಡ್ಡವರ ಹಾಸ್ಯವನ್ನು ಮಕ್ಕಳೆದುರು ಆಡುವುದು ಹೇಗೆ ಎಂಬ ಪ್ರಶ್ನೆ ನನಗೆ ಕೇವಲ ಕುತೂಹಲದ್ದಾಗಿ ಉಳಿಯಲಿಲ್ಲ. ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಹಲವು ದಶಕ ಹೆಣಗಿದವರು ಅಮೆರಿಕದ ಕಾರ್ಟೂನು ತಯಾರಕರು. ಅವರ ಕಥೆಯನ್ನು ಈ ಕೆಲವು ತಿಂಗಳು ಓದಿ, ನೋಡಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಕಾರ್ಟೂನು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1930ರಿಂದ ಸುಮಾರು ಮೂರು ದಶಕಗಳ ಕಾಲ ಅವು ಚಿತ್ರಮಂದಿರಗಳಲ್ಲಿ ಮುಖ್ಯ ಚಲನಚಿತ್ರಕ್ಕೆ ಮೊದಲು ತೋರಿಸುತ್ತಿದ್ದ ಆರೇಳು ನಿಮಿಷಗಳ ತುಣುಕುಗಳು. ಕತ್ತಲೆಯ ಅದೇ ಸಭಾಂಗಣದಲ್ಲಿ ಕಾರ್ಖಾನೆಯ ಕೆಲಸಗಾರ, ಗುಮಾಸ್ತ, ಗೃಹಿಣಿ, ಅವರ ಮಕ್ಕಳು ಎಲ್ಲರೂ ಕುಳಿತಿರುತ್ತಿದ್ದರು. ವಾರ್ನರ್ ಬ್ರದರ್ಸ್ ಸಂಸ್ಥೆಯ 'ಲೂನಿ ಟ್ಯೂನ್ಸ್' 1930ರಲ್ಲಿ ಆರಂಭವಾಯಿತು. ಬಗ್ಸ್ ಬನ್ನಿ ಎಂಬ ಮೊಲ ಇಂದಿನ ರೂಪದಲ್ಲಿ ಕಾಣಿಸಿಕೊಂಡದ್ದು 1940ರಲ್ಲಿ. ಅದೇ ವರ್ಷ ಎಂ.ಜಿ.ಎಂ. ಸಂಸ್ಥೆಯಲ್ಲಿ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬಿಬ್ಬರು ನಮಗೆಲ್ಲ ಪರಿಚಿತವಾದ ಬೆಕ್ಕು-ಇಲಿಯ ಮೊದಲ ಚಿತ್ರವನ್ನು ತಯಾರಿಸಿದರು. ಆ 'ಟಾಮ್ ಅಂಡ್ ಜೆರಿ' ಮಾಲೆ ಮುಂದೆ ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು.

ವಾರ್ನರ್ ಸಂಸ್ಥೆಯ ಹೆಸರಾಂತ ನಿರ್ದೇಶಕ ಚಕ್ ಜೋನ್ಸ್, ತಾವು ಆ ಚಿತ್ರಗಳನ್ನು ಮಕ್ಕಳಿಗಾಗಿಯೂ ಮಾಡಲಿಲ್ಲ, ದೊಡ್ಡವರಿಗಾಗಿಯೂ ಮಾಡಲಿಲ್ಲ, ತಮಗಾಗಿ ಮಾಡಿಕೊಂಡೆವು ಎಂಬರ್ಥದ ಮಾತನ್ನು ಹೇಳಿದ್ದಾರೆ. ಅವರ 1957ರ 'ವಾಟ್ಸ್ ಒಪೆರಾ, ಡಾಕ್?' ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿಯ ಸಂಗೀತಗಾರ ವಾಗ್ನರನ ಗಂಟೆಗಟ್ಟಲೆ ನಡೆಯುವ ಗಂಭೀರ ಸಂಗೀತನಾಟಕಗಳನ್ನು ಏಳು ನಿಮಿಷದೊಳಗೆ ಅಣಕಿಸುವ ಚಿತ್ರ ಅದು. ವಾಗ್ನರನನ್ನು ಬಲ್ಲ ಹಿರಿಯನಿಗೆ ಪ್ರತಿಯೊಂದು ರಾಗವೂ ಒಂದೊಂದು ತಮಾಷೆ. ಆತನ ಹೆಸರನ್ನೇ ಕೇಳದ ಮಗುವಿಗೆ? ಹೆಣ್ಣಿನ ವೇಷ ತೊಟ್ಟ ಮೊಲವೊಂದು ಭಾರಿ ಗಾತ್ರದ ಕುದುರೆಯ ಮೇಲೆ ಗಾಂಭೀರ್ಯದಿಂದ ಇಳಿದು ಬರುತ್ತದೆ. ಬೇಟೆಗಾರ ಅದಕ್ಕೆ ಮನಸೋಲುತ್ತಾನೆ. ಅಷ್ಟು ಸಾಕು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಈ ಚಿತ್ರ ಸೇರಿತು.

ನಮ್ಮ ಅಲಂಕಾರಶಾಸ್ತ್ರದಲ್ಲಿ ವಾಚ್ಯಾರ್ಥ ಮತ್ತು ಧ್ವನಿ ಎಂಬ ಎರಡು ಮಾತುಗಳಿವೆ. ಕೇಳಿದೊಡನೆ ತಿಳಿಯುವುದು ವಾಚ್ಯ. ಅದರ ಹಿಂದೆ ಹೊಳೆಯುವುದು ಧ್ವನಿ. ನಾನು ಇದನ್ನು ಹಳೆಯ ಕಾಲದ ಮನೆಗೆ ಹೋಲಿಸಿಕೊಳ್ಳುತ್ತೇನೆ. ಕೆಳಗೆ ನಡುಮನೆ, ಮೇಲೆ ಅಟ್ಟ. ಮಗು ಆಡಿಕೊಂಡಿರುವುದು ನಡುಮನೆಯಲ್ಲಿ. ಅಲ್ಲಿ ಅದಕ್ಕೆ ಬೇಕಾದುದೆಲ್ಲ ಇರಬೇಕು, ಯಾವ ಕೊರತೆಯೂ ಕಾಣಬಾರದು. ದೊಡ್ಡವರು ಅಟ್ಟಕ್ಕೆ ಹತ್ತಿ ಏನನ್ನೋ ನೋಡಿ ನಕ್ಕರೆ ಮಗುವಿನ ಆಟ ಕೆಡಬಾರದು. ಜೊತೆಗೆ, ಎಂದಾದರೂ ತಾನೂ ಹತ್ತಬಹುದೆಂದು ಅದಕ್ಕೆ ಕಾಣುವಂತೆ ಅಲ್ಲೊಂದು ಏಣಿ ಒರಗಿಸಿರಬೇಕು.

ಆ ಕಾಲದ ಅಟ್ಟಗಳೆಲ್ಲ ಚೊಕ್ಕಟವಾಗಿದ್ದವೆಂದು ಹೇಳಲಾರೆ. ಕರಿಯರನ್ನೂ ಬೇರೆ ಜನಾಂಗದವರನ್ನೂ ಗೇಲಿ ಮಾಡುವ ಚಿತ್ರಗಳು ಧಾರಾಳವಾಗಿ ಬಂದವು. ಅಂತಹ ಹನ್ನೊಂದು ವಾರ್ನರ್ ಚಿತ್ರಗಳನ್ನು 1968ರಲ್ಲಿ ಟೆಲಿವಿಷನ್ ಪ್ರಸಾರದಿಂದ ಹಿಂದಕ್ಕೆ ಪಡೆಯಲಾಯಿತು. 'ಟಾಮ್ ಅಂಡ್ ಜೆರಿ'ಯಲ್ಲಿ ಮುಖ ಕಾಣಿಸದೆ ಕಾಲುಗಳಷ್ಟೇ ಕಾಣುವ ಕರಿಯ ಮನೆಗೆಲಸದ ಹೆಂಗಸಿನ ಪಾತ್ರವೂ ಆಕ್ಷೇಪಕ್ಕೆ ಗುರಿಯಾಯಿತು. ದೊಡ್ಡವರ ಹಾಸ್ಯದಲ್ಲಿ ಹೆಚ್ಚು ಅಪಾಯಕಾರಿಯಾದುದು ಇಂಥದ್ದೇ ಎಂದು ನನಗೆ ತೋರುತ್ತದೆ. ಮಗುವಿಗೆ ಅರ್ಥವಾಗದ ಮಾತು ಮಗುವನ್ನು ಕೆಡಿಸುವುದಿಲ್ಲ. ಯಾರನ್ನು ಕಂಡು ನಗಬೇಕೆಂಬುದನ್ನು ಮಾತ್ರ ಮಗು ಅರ್ಥಕ್ಕಿಂತ ಮೊದಲೇ ಕಲಿತುಬಿಡುತ್ತದೆ.

ಇನ್ನು ಟೆಲಿವಿಷನ್ ಯುಗ. 1957ರಲ್ಲಿ ಎಂ.ಜಿ.ಎಂ. ತನ್ನ ಕಾರ್ಟೂನು ವಿಭಾಗವನ್ನು ಮುಚ್ಚಿತು. ಹನ್ನಾ ಮತ್ತು ಬಾರ್ಬೆರಾ ಅದೇ ವರ್ಷ ಸ್ವಂತ ಸಂಸ್ಥೆ ಕಟ್ಟಿ ಟೆಲಿವಿಷನ್ನಿಗೆ ಬಂದರು. ಇಲ್ಲಿ ಒಂದು ಲೆಕ್ಕ ಹೇಳಬೇಕು. ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಏಳು ನಿಮಿಷಕ್ಕೆ 10,080 ಚೌಕಟ್ಟುಗಳು. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೂ ಸಾವಿರಾರು ಚಿತ್ರಗಳನ್ನು ಕೈಯಿಂದ ಬರೆಯಬೇಕು. ವಾರವಾರವೂ ಅರ್ಧ ಗಂಟೆ ತುಂಬಿಸಬೇಕಾದ ಟೆಲಿವಿಷನ್ನಿಗೆ ಆ ವೆಚ್ಚವೂ ಇರಲಿಲ್ಲ, ವ್ಯವಧಾನವೂ ಇರಲಿಲ್ಲ. ಆದ್ದರಿಂದ ದೇಹವನ್ನು ನಿಲ್ಲಿಸಿ ಬಾಯನ್ನು ಮಾತ್ರ ಆಡಿಸುವ, ಒಂದೇ ಹಿನ್ನೆಲೆಯನ್ನು ಮತ್ತೆ ಮತ್ತೆ ಓಡಿಸುವ ಮಿತವ್ಯಯದ ಪದ್ಧತಿ ಬಂತು. ಚಲನೆ ಕಡಿಮೆಯಾದ ಮೇಲೆ ನಗಿಸುವ ಹೊಣೆ ಮಾತಿನ ಮೇಲೆ ಬಿತ್ತು. ಶ್ಲೇಷೆ, ಅಣಕ, ವಿಡಂಬನೆಗಳು ಕಾರ್ಟೂನಿನಲ್ಲಿ ಅಷ್ಟೊಂದು ಹೆಚ್ಚಲು ಈ ಹಣದ ಮುಗ್ಗಟ್ಟೂ ಒಂದು ಕಾರಣ.

1960ರ ಸೆಪ್ಟೆಂಬರ್ 30ರ ಶುಕ್ರವಾರ ರಾತ್ರಿ ಎ.ಬಿ.ಸಿ. ವಾಹಿನಿಯಲ್ಲಿ ಹನ್ನಾ-ಬಾರ್ಬೆರಾ ಅವರ 'ದಿ ಫ್ಲಿಂಟ್‌ಸ್ಟೋನ್ಸ್' ಆರಂಭವಾಯಿತು. ಶಿಲಾಯುಗದ ಎರಡು ಕುಟುಂಬಗಳ ಕಥೆ. 'ದಿ ಹನಿಮೂನರ್ಸ್' ಎಂಬ ದೊಡ್ಡವರ ಹಾಸ್ಯ ಧಾರಾವಾಹಿಯೇ ಅದಕ್ಕೆ ಮಾದರಿ. ಮೊದಲ ವರ್ಷಗಳಲ್ಲಿ ಅದರ ಪ್ರಾಯೋಜಕರಲ್ಲಿ ಒಂದು ಸಿಗರೇಟು ಕಂಪನಿ! ಕಾರ್ಟೂನಿನ ಪಾತ್ರಗಳೇ ಜಾಹೀರಾತಿನಲ್ಲಿ ಸಿಗರೇಟು ಸೇದುತ್ತಿದ್ದವು. ತೆರೆಯ ಮುಂದೆ ಮಕ್ಕಳು ಹೆಚ್ಚಾಗಿದ್ದಾರೆಂದು ಅರಿವಾದ ಮೇಲೆ ಆ ಜಾಗಕ್ಕೆ ದ್ರಾಕ್ಷಿ ರಸದ ಕಂಪನಿ ಬಂತು. ನೆಲವನ್ನು ಕಾಲಿನಿಂದ ಒದ್ದು ಓಡಿಸುವ ಕಲ್ಲಿನ ಕಾರು, ಕ್ರೇನಿನ ಕೆಲಸ ಮಾಡುವ ಡೈನೋಸಾರ್: ಇವು ನಡುಮನೆಯ ಸಾಮಗ್ರಿ. ಗದರುವ ಯಜಮಾನ, ಹೆಂಡತಿಗೆ ಹೇಳದೆ ಮಾಡಿಕೊಂಡ ಪೇಚಾಟ, ಯುದ್ಧಾನಂತರದ ಅಮೆರಿಕದ ಬಡಾವಣೆಯ ಬದುಕು: ಇವು ಅಟ್ಟದವು. ಇತಿಹಾಸದ ಮೇಷ್ಟರಾಗಿ, ಮನುಷ್ಯನೂ ಡೈನೋಸಾರೂ ಒಟ್ಟಿಗೆ ಬದುಕಿರಲೇ ಇಲ್ಲ ಎಂದು ನಾನು ಇಲ್ಲಿ ಒಂದು ಅಡ್ಡಮಾತು ಹೇಳದಿದ್ದರೆ ನೀವೇ ನನ್ನನ್ನು ಗುರುತಿಸಲಾರಿರಿ.

ಈಗ ಮೊದಲು ಹೇಳಿದ ನಾಯಿಯ ಮೂಲಕ್ಕೆ ಬರೋಣ. 1959ರಲ್ಲಿ ಜೇ ವಾರ್ಡ್ ಎಂಬ ನಿರ್ಮಾಪಕರೂ ಬಿಲ್ ಸ್ಕಾಟ್ ಎಂಬ ಬರಹಗಾರರೂ ಸೇರಿ 'ರಾಕಿ ಅಂಡ್ ಹಿಸ್ ಫ್ರೆಂಡ್ಸ್' ಎಂಬ ಕಾರ್ಯಕ್ರಮವನ್ನು ಹೊರತಂದರು. ಹಾರುವ ಅಳಿಲು ರಾಕಿ, ಮಂದಬುದ್ಧಿಯ ದೊಡ್ಡ ಕಡವೆ ಬುಲ್‌ವಿಂಕಲ್ ಅದರ ನಾಯಕರು. 1961ರಿಂದ 1964ರವರೆಗೆ ಅದು 'ದಿ ಬುಲ್‌ವಿಂಕಲ್ ಷೋ' ಎಂಬ ಹೆಸರಿನಲ್ಲಿ ಮುಂದುವರಿಯಿತು. ಖರ್ಚು ಉಳಿಸಲು ಚಿತ್ರಗಳನ್ನು ಮೆಕ್ಸಿಕೋದಲ್ಲಿ ಬರೆಸುತ್ತಿದ್ದರು. ಚಿತ್ರದ ಗುಣಮಟ್ಟ ಸಾಧಾರಣ, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ಆದರೆ ಬರವಣಿಗೆ ಮಾತ್ರ ಅಪೂರ್ವ.

ಅದರಲ್ಲಿ ಖಳನಾಯಕನ ಹೆಸರು ಬೋರಿಸ್ ಬ್ಯಾಡೆನಾಫ್. ಶೀತಲ ಸಮರದ ಕಾಲ; ಅವನ ಮಾತಿನ ಧಾಟಿಯೆಲ್ಲ ರಷ್ಯನ್ನರದು. ಅಮೆರಿಕದ ಮಗುವಿನ ಕಿವಿಗೆ ಆ ಹೆಸರು 'ಬ್ಯಾಡ್ ಎನಫ್', ಅಂದರೆ 'ಸಾಕಷ್ಟು ಕೆಟ್ಟವನು', ಎಂದು ಕೇಳಿಸಿ ನಗು ಬರುತ್ತದೆ. ಹಿರಿಯರಿಗೆ 1598ರಿಂದ 1605ರವರೆಗೆ ರಷ್ಯವನ್ನು ಆಳಿದ ಝಾರ್ ದೊರೆ ಬೋರಿಸ್ ಗೊಡುನಾಫ್ ನೆನಪಾಗುತ್ತಾನೆ. ನಾಯಿಯ ಕಾಲಯಂತ್ರದ ಹೆಸರು 'ವೇಬ್ಯಾಕ್'. ಮಗುವಿಗೆ ಅದು 'ಬಹಳ ಹಿಂದೆ'. ದೊಡ್ಡವರಿಗೆ 'ಯುನಿವ್ಯಾಕ್' ಮುಂತಾದ ಆ ಕಾಲದ ದೈತ್ಯ ಗಣಕಯಂತ್ರಗಳ ಹೆಸರಿನ ಅಣಕ. ಇನ್ನೊಂದು ಕಥೆಯಲ್ಲಿ ಮಾಣಿಕ್ಯಗಳನ್ನು ಕೂರಿಸಿದ ಒಂದು ಆಟಿಕೆಯ ದೋಣಿ ಬರುತ್ತದೆ. ಅದು ಒಮರ್ ಖಯ್ಯಾಮನದು. ಇಂಗ್ಲಿಷಿನಲ್ಲಿ ಮಾಣಿಕ್ಯ 'ರೂಬಿ', ವಿಹಾರದೋಣಿ 'ಯಾಟ್'. ಕೂಡಿಸಿ ಹೇಳಿದರೆ 'ರುಬಾಯಿಯಾತ್'! ಡಿ.ವಿ.ಜಿ.ಯವರ 'ಉಮರನ ಒಸಗೆ'ಯನ್ನು ಓದಿದ ನಮ್ಮವರಿಗೆ ಈ ತಮಾಷೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ಮೂರು ಕಡೆಯೂ ಮಗುವಿಗೆ ಏನೂ ತಪ್ಪಿಹೋಗುವುದಿಲ್ಲ. ಖಳನ ಹೆಸರು ಕೆಟ್ಟವನ ಹೆಸರಿನಂತೆಯೇ ಇದೆ, ಯಂತ್ರ ಹಿಂದಕ್ಕೆ ಕರೆದೊಯ್ಯುತ್ತದೆ, ದೋಣಿಯಲ್ಲಿ ಮಾಣಿಕ್ಯಗಳೇ ಇವೆ. ಮೇಲಿನ ಅರ್ಥವನ್ನು ಪೂರ್ತಿ ತೆಗೆದುಹಾಕಿದರೂ ಕೆಳಗಿನ ಕಥೆ ನಿಲ್ಲುತ್ತದೆ. ಆ ಮಗು ದೊಡ್ಡದಾಗಿ ಎಂದೋ ಒಂದು ದಿನ ಪುಸ್ತಕದಲ್ಲಿ ಗೊಡುನಾಫನ ಹೆಸರನ್ನು ಕಂಡಾಗ, ಓಹೋ ಎಂದು ಇನ್ನೊಮ್ಮೆ ನಗುತ್ತದೆ. ಒಂದೇ ಮಾತು ಎರಡು ಬಾರಿ, ಹಲವು ವರ್ಷಗಳ ಅಂತರದಲ್ಲಿ ನಗಿಸುತ್ತದೆ.

ಇದೇ ಉಪಾಯವನ್ನು ಶಿಕ್ಷಣಕ್ಕೆ ಉದ್ದೇಶಪೂರ್ವಕವಾಗಿ ಬಳಸಿಕೊಂಡದ್ದು 1969ರ ನವೆಂಬರ್ 10ರಂದು ಆರಂಭವಾದ 'ಸೆಸಮಿ ಸ್ಟ್ರೀಟ್'. ಬೊಂಬೆಗಳೂ ಪುಟ್ಟ ಆನಿಮೇಷನ್ ತುಣುಕುಗಳೂ ಸೇರಿದ, ಶಾಲೆಗೆ ಸೇರುವ ಮೊದಲಿನ ಮಕ್ಕಳ ಕಾರ್ಯಕ್ರಮ ಅದು. ತಂದೆತಾಯಿಗಳು ಪಕ್ಕದಲ್ಲಿ ಕುಳಿತು ನೋಡಿದರೆ ಮಗು ಹೆಚ್ಚು ಕಲಿಯುತ್ತದೆ ಎಂಬುದು ಅದನ್ನು ಕಟ್ಟಿದವರ ನಂಬಿಕೆ. ಆದರೆ ಅಕ್ಷರಮಾಲೆಯನ್ನು ಕೇಳುತ್ತ ದೊಡ್ಡವರು ಎಷ್ಟು ಹೊತ್ತು ಕುಳಿತಾರು? ಆದ್ದರಿಂದ ಅವರಿಗಾಗಿ ಅಣಕಗಳನ್ನು ಸೇರಿಸಿದರು. ಆಲಿಸ್ಟೇರ್ ಕುಕ್ ಎಂಬ ಘನಗಂಭೀರ ನಿರೂಪಕರು ನಡೆಸಿಕೊಡುತ್ತಿದ್ದ ಸಾಹಿತ್ಯಕ ನಾಟಕಗಳ ಕಾರ್ಯಕ್ರಮವೊಂದಿತ್ತು. ಅದನ್ನು ಅಣಕಿಸಿ, ಬಿಸ್ಕತ್ತು ತಿನ್ನುವ ನೀಲಿ ರಾಕ್ಷಸನಿಗೆ ಕೋಟು ತೊಡಿಸಿ, 'ಆಲಿಸ್ಟೇರ್ ಕುಕ್ಕಿ' ಎಂದು ಹೆಸರಿಟ್ಟು ಕುರ್ಚಿಯಲ್ಲಿ ಕೂರಿಸಿದರು. ಹೀಗೆ ದೊಡ್ಡವರ ಹಾಸ್ಯಕ್ಕೆ ಒಂದು ಕೆಲಸ ಸಿಕ್ಕಿತು: ದೊಡ್ಡವರನ್ನು ಮಗುವಿನ ಪಕ್ಕದಲ್ಲಿ ಕೂರಿಸುವುದು. ನಾನಾದರೋ ಅದೇ ಹಾಸ್ಯದಿಂದ ಮಗುವನ್ನು ಸೋಫಾದ ಆಚೆಯ ತುದಿಗೆ ಕಳಿಸಿದೆ.

ಅದೇ ಕಾಲದಲ್ಲಿ ಇನ್ನೊಂದು ಪ್ರವಾಹವೂ ಇತ್ತು. ಅಮೆರಿಕದ ವಾಹಿನಿಗಳು ಕಾರ್ಟೂನುಗಳನ್ನು ಶನಿವಾರ ಬೆಳಗಿನ ಹೊತ್ತಿಗೆ, ದೊಡ್ಡವರಿನ್ನೂ ಹಾಸಿಗೆ ಬಿಡದ ಸಮಯಕ್ಕೆ, ಒತ್ತರಿಸಿದವು. ಮಕ್ಕಳು ಒಬ್ಬರೇ ನೋಡುವಂತಾಯಿತು. 1968ರಲ್ಲಿ ಪೆಗಿ ಚಾರೆನ್ ಎಂಬ ತಾಯಿ ಇತರ ತಾಯಂದಿರೊಡನೆ ಸೇರಿ ಮಕ್ಕಳ ಟೆಲಿವಿಷನ್ ಸುಧಾರಣೆಗೆಂದು ಸಂಘವೊಂದನ್ನು ಕಟ್ಟಿದರು. ಜಾಹೀರಾತುಗಳ ಹಾವಳಿಯ ವಿರುದ್ಧ ಅವರು ನಡೆಸಿದ ಹೋರಾಟ ನ್ಯಾಯವಾದದ್ದೇ. ಹೊಡೆದಾಟದ ವಿರುದ್ಧ ಎದ್ದ ಕೂಗಿಗೆ ಹೆದರಿದ ವಾಹಿನಿಗಳು ಹಳೆಯ ಕಾರ್ಟೂನುಗಳಿಗೆ ಕತ್ತರಿ ಹಾಕಿದವು. ಆಮೇಲೆ, 1983ರ 'ಹೀ-ಮ್ಯಾನ್' ಮೊದಲಾದವು ಆಟಿಕೆಗಳನ್ನು ಮಾರುವ ಉದ್ದೇಶವನ್ನು ಜೊತೆಗಿಟ್ಟುಕೊಂಡೇ ಬಂದವು. ಅಟ್ಟವಿಲ್ಲದ ಮನೆಗಳು ಹೀಗೆ ಸಾಲುಸಾಲಾಗಿ ಎದ್ದವು.

ಅಟ್ಟವನ್ನು ಮತ್ತೆ ಕಟ್ಟಿದವುಗಳಲ್ಲಿ 1993ರ ಸೆಪ್ಟೆಂಬರಿನಲ್ಲಿ ಬಂದ 'ಆನಿಮೇನಿಯಾಕ್ಸ್' ಮುಖ್ಯವಾದದ್ದು. ಅದರ ಕಾರ್ಯಕಾರಿ ನಿರ್ಮಾಪಕರು ಸ್ಟೀವನ್ ಸ್ಪೀಲ್‌ಬರ್ಗ್. ಲೋಕವನ್ನೇ ಗೆಲ್ಲಲು ಹೊರಟ ಪ್ರಯೋಗಾಲಯದ ಇಲಿಯೊಂದು ಅದರಲ್ಲಿತ್ತು; ಅದರ ಧ್ವನಿ ನಟ-ನಿರ್ದೇಶಕ ಆರ್ಸನ್ ವೆಲ್ಸ್ ಅವರದನ್ನು ಹೋಲುವಂತಿತ್ತು. ಮಗುವಿಗೆ ಅದು ದೊಡ್ಡ ತಲೆಯ ಸಿಡುಕು ಇಲಿ, ಅಷ್ಟೇ. ಅದರಲ್ಲೇ ಪ್ರಪಂಚದ ರಾಷ್ಟ್ರಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಪಟಪಟನೆ ಹಾಡುವ ಹಾಡೊಂದಿದೆ. ನಾನು ಭೂಪಟದ ಕೋಲು ಹಿಡಿದು ವಾರಗಟ್ಟಲೆ ಹೇಳಿಕೊಟ್ಟದ್ದನ್ನು ಅದು ಎರಡೇ ನಿಮಿಷದಲ್ಲಿ ಮುಗಿಸುತ್ತದೆ! ಜರ್ಮನಿ ಒಂದಾದದ್ದನ್ನು ಆ ಹಾಡು ಗುರುತಿಸಿದೆ. ಆದರೆ 1993ರ ಜನವರಿ 1ರಂದೇ ಎರಡಾಗಿದ್ದ ಚೆಕೊಸ್ಲೊವಾಕಿಯವನ್ನು ಇನ್ನೂ ಒಂದೇ ದೇಶವೆಂದು ಹಾಡಿದೆ. ಮಗುವಿಗೆ ವೇಗದ ಸೊಗಸು. ನನ್ನಂಥವನಿಗೆ ಪಠ್ಯಪುಸ್ತಕ ಅಚ್ಚಾಗುವಷ್ಟರಲ್ಲಿ ಭೂಪಟ ಬದಲಾಗುತ್ತಿದ್ದ ಆ ವರ್ಷಗಳ ನೆನಪು.

ನಮ್ಮ ನಾಡಿನ ಮಾತೂ ಬರಬೇಕು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ 'ಜಂಗಲ್ ಬುಕ್' ಹಿಂದಿಯಲ್ಲಿ ಬರುತ್ತಿದ್ದಾಗ ನಿಮ್ಮಲ್ಲಿ ಎಷ್ಟು ಜನ ಟಿ.ವಿ. ಇದ್ದವರ ಮನೆಯ ಕಿಟಕಿಗೆ ಜೋತುಬಿದ್ದಿರಲಿಲ್ಲ! 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಹಿಂದಿ, ಇಂಗ್ಲಿಷು ಬಾರದ ನಮ್ಮ ಊರಿನ ಮಕ್ಕಳಿಗೆ ಮಾತಿನ ಹಾಸ್ಯದ ಬಾಗಿಲು ಮುಚ್ಚಿಯೇ ಇತ್ತು. ಹಾಗಿದ್ದೂ 'ಟಾಮ್ ಅಂಡ್ ಜೆರಿ' ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಡುಮನೆ ಭದ್ರವಾಗಿದ್ದರೆ ಭಾಷೆಯಿಲ್ಲದೆಯೂ ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 2009ರಲ್ಲಿ ಚಿಂಟು ಟಿ.ವಿ. ಆರಂಭವಾದ ಮೇಲೆ ಕನ್ನಡದ ಮಕ್ಕಳು ಕಾರ್ಟೂನುಗಳ ಮಾತನ್ನೂ ತಮ್ಮ ಭಾಷೆಯಲ್ಲಿ ಕೇಳುವಂತಾಯಿತು.

ಎಡವಿದ ಉದಾಹರಣೆಯೂ ನಮ್ಮೆದುರಿಗಿದೆ. 'ಶಿನ್-ಚಾನ್' ಎಂಬ ಐದು ವರ್ಷದ ತುಂಟನ ಕಥೆಯನ್ನು ಜಪಾನಿನ ಯೋಶಿತೊ ಉಸುಯಿ 1990ರಲ್ಲಿ ಬರೆಯಲು ಆರಂಭಿಸಿದ್ದು ದೊಡ್ಡವರು ಓದುವ ಚಿತ್ರಕಥಾ ಪತ್ರಿಕೆಯೊಂದರಲ್ಲಿ. 1992ರಲ್ಲಿ ಅದು ಟೆಲಿವಿಷನ್ನಿಗೆ ಬಂತು. ಜಪಾನಿನ ಪಾಲಕರೇ ಅದನ್ನು ಮಕ್ಕಳು ನೋಡಬಾರದೆಂದು ಗೊಣಗಿದರು. ಭಾರತದಲ್ಲಿ 2006ರಿಂದ ಮಕ್ಕಳ ವಾಹಿನಿಯೊಂದರಲ್ಲಿ ಪ್ರಸಾರವಾಗಿ, ದೂರುಗಳು ಬಂದು, 2008ರಲ್ಲಿ ನಿಂತು, ಮುಂದೆ ಕತ್ತರಿ ಹಾಕಿದ ರೂಪದಲ್ಲಿ ಮರಳಿತು. ಮೂಲದಲ್ಲಿ ಅದು ಮನೆಸಾಲ ತೀರಿಸುತ್ತ ಬಸವಳಿದ ತಂದೆತಾಯಿಗಳು ತಮ್ಮನ್ನೇ ಕಂಡುಕೊಂಡು ನಗುವ ಕಥೆ. ಅಲ್ಲಿ ನಗು ಹುಟ್ಟುವುದೇ ದೊಡ್ಡವರ ಮಾತನ್ನು ಮಗು ಅರ್ಥವಿಲ್ಲದೆ ಆಡುವುದರಿಂದ. ಅದನ್ನು ಹಾಗೆಯೇ ತಂದು ಮಕ್ಕಳ ಮುಂದಿಟ್ಟರೆ ಅವರಿಗೆ ಉಳಿಯುವುದು ಅನುಕರಣೆ ಒಂದೇ. ಅಟ್ಟದ ಸಾಮಾನನ್ನು ನಡುಮನೆಗೆ ಸುರಿದಂತಾಯಿತು. ತಪ್ಪು ಉಸುಯಿಯವರದಲ್ಲ, ಯಾರಿಗಾಗಿ ಬರೆದದ್ದನ್ನು ಯಾರ ಮುಂದೆ ಇಡುತ್ತಿದ್ದೇವೆಂದು ನೋಡದವರದು.

ಇಷ್ಟನ್ನೂ ಓದಿ ತಿಳಿದ ಮೇಲೆ 1991ರ ನನ್ನ ಮಾತಿಗೆ ಬರುತ್ತೇನೆ. ಅಂದು ನಾನು ಹೇಳಿದ್ದಿಷ್ಟು: "ಹದಿನಾರನೆಯ ಲೂಯಿಗೆ ಬೀಗ ಮಾಡುವುದು ಗೊತ್ತಿತ್ತು. ಆದರೆ ಕೊನೆಗೆ ಅವನಿಗೆ ಬೀಗ ಹಾಕಿಸಿದವರು ಬೀಗರೇ!"

ಲೂಯಿ ದೊರೆಗೆ ಬೀಗ ತಯಾರಿಸುವ ಹವ್ಯಾಸವಿದ್ದದ್ದು ನಿಜ. ಅವನ ರಾಣಿ ಆಸ್ಟ್ರಿಯಾದ ರಾಜಮನೆತನದ ಮಗಳು. 1792ರಲ್ಲಿ ಆಸ್ಟ್ರಿಯಾ ಮತ್ತು ಪ್ರಷ್ಯದ ಸೇನೆಯ ದಂಡನಾಯಕ, ರಾಜನ ಕುಟುಂಬಕ್ಕೆ ತೊಂದರೆಯಾದರೆ ಪ್ಯಾರಿಸನ್ನೇ ಧ್ವಂಸ ಮಾಡುವೆನೆಂದು ಬೆದರಿಕೆ ಹಾಕಿದ. ಆ ಬೆದರಿಕೆಯಿಂದ ರೊಚ್ಚಿಗೆದ್ದ ಜನ ಆಗಸ್ಟ್ 10ರಂದು ಅರಮನೆಗೆ ನುಗ್ಗಿದರು, ದೊರೆ ಸೆರೆಯಾದ, 1793ರ ಜನವರಿ 21ರಂದು ಅವನ ತಲೆ ಉರುಳಿತು. ಬೀಗರು ಕಾಪಾಡಲು ಹೊರಟು ಕೆಡಿಸಿದರು.

ಮಾತೇನೋ ಕೆಟ್ಟದ್ದಲ್ಲ. ಆದರೆ ಆ ತರಗತಿಯಲ್ಲಿ ಲೂಯಿ ಬೀಗ ಮಾಡುತ್ತಿದ್ದನೆಂದು ಒಬ್ಬರಿಗೂ ಗೊತ್ತಿರಲಿಲ್ಲ, ಏಕೆಂದರೆ ನಾನು ಹೇಳಿರಲಿಲ್ಲ. ರಾಣಿಯ ತವರು ಯಾವುದೆಂಬುದನ್ನೂ ಇನ್ನೂ ಹೇಳಿರಲಿಲ್ಲ. ಬೀಗರೆಂದರೆ ಏನೆಂದು ಹಳ್ಳಿಯ ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎಷ್ಟು ಬೀಗರ ಔತಣಗಳಲ್ಲಿ ಅವರು ಎಲೆ ಹಾಕಿ ಕುಳಿತಿರಲಿಲ್ಲ! ತಿಳಿದುದರಿಂದ ತಿಳಿಯದುದರೆಡೆಗೆ ಕರೆದೊಯ್ಯಬೇಕೆಂಬುದು ಬಿ.ಎಡ್. ತರಗತಿಯಲ್ಲಿ ನಾನು ಬಾಯಿಪಾಠ ಮಾಡಿದ ಮೊದಲ ಸೂತ್ರ. ಎರಡು ವಾಕ್ಯಗಳ ಏಣಿಯನ್ನು ಒರಗಿಸಿದ್ದರೆ ಐವತ್ತು ಮಕ್ಕಳೂ ನಿಜವಾಗಿ ನಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಹಿಂದಿನ ಬೆಂಚಿನ ಒಬ್ಬರ ನಗು ಮಾತ್ರ. ಏಣಿಯಿಲ್ಲವೆಂದು ತೋರಿಸಿದ ಹುಡುಗನಿಗೆ, ಅಟ್ಟವೇ ನಿನ್ನದಲ್ಲ ಎಂದುಬಿಟ್ಟೆ.

ರಜೆ ಮುಗಿಯುವ ಮೊದಲು ಒಂದು ದಿನ ಮೊಮ್ಮಗಳನ್ನು ಕರೆದು ದೇವರ ಮನೆಯ ಹಳೆಯ ಹಿತ್ತಾಳೆಯ ಬೀಗವನ್ನು ಅವಳ ಕೈಗೆ ಕೊಟ್ಟೆ. ಇಂಥ ಬೀಗಗಳನ್ನು ಮಾಡುತ್ತ ಕುಳಿತಿದ್ದ ರಾಜನ ಕಥೆ ಹೇಳಿದೆ. ಅವನ ರಾಣಿ ನಿನ್ನ ಚಿತ್ರದಲ್ಲಿ ಕೇಕ್ ತಿನ್ನುತ್ತಿದ್ದವಳೇ ಎಂದೆ. ಜನರಿಗೆ ಕೇಕ್ ತಿನ್ನಲು ಹೇಳಿದಳೆಂಬ ಮಾತನ್ನು ಅವಳು ಆಡಿದ್ದಕ್ಕೆ ಆಧಾರವಿಲ್ಲ; ಅವಳಿನ್ನೂ ಆಸ್ಟ್ರಿಯಾದಲ್ಲಿ ಚಿಕ್ಕ ಹುಡುಗಿಯಾಗಿದ್ದಾಗಲೇ ರೂಸೋ ಅಂಥದೊಂದು ಮಾತನ್ನು ಯಾರೋ ರಾಜಕುಮಾರಿಯ ಬಾಯಲ್ಲಿ ಇಟ್ಟು ಬರೆದಿದ್ದ. ಅದನ್ನೂ ಸೇರಿಸಿ ಹೇಳಿದೆ. ಕೊನೆಗೆ ಬೀಗ ಮತ್ತು ಬೀಗರ ಮಾತನ್ನು ಹೇ�ಳಿದೆ. ಅವಳು ಒಂದು ಕ್ಷಣ ಬೀಗವನ್ನೇ ನೋಡಿದಳು. ಆಮೇಲೆ, "ಹಾಗಾದ್ರೆ ಸೋದರಮಾವನ ಮದುವೇಲಿ ಊಟಕ್ಕೆ ಬಂದಿದ್ರಲ್ಲ, ಅವರಾ ತಾತ?" ಎಂದು ಕೇಳಿ ನಗತೊಡಗಿದಳು. ಸಂಜೆಯ ವೇಳೆಗೆ ಅಡುಗೆಮನೆಯಿಂದ ಅವಳ ಧ್ವನಿ ಕೇಳಿಸಿತು: "ಅಜ್ಜಿ, ಇದು ದೊಡ್ಡವರ ತಮಾಷೆ. ನಿಮಗೆ ಗೊತ್ತಾಗದಿದ್ರೆ ನಾನು ಹೇಳಿಕೊಡ್ತೀನಿ."

1991ರಲ್ಲಿ ಎರಡನೆಯ ಸಾಲಿನಿಂದ ಎದ್ದುನಿಂತಿದ್ದ ಆ ವಿದ್ಯಾರ್ಥಿ ಇದನ್ನು ಓದುತ್ತಿರಬಹುದು, ಓದದೆಯೂ ಇರಬಹುದು. ಅವರಿಗೀಗ ಐವತ್ತರ ಹತ್ತಿರದ ವಯಸ್ಸು. ಅಂದು ನೀವು ಕೇಳಿದ ಪ್ರಶ್ನೆಗೆ ಉತ್ತರ ಮೇಲೆ ಬರೆದಿದ್ದೇನೆ. ಪ್ರಶ್ನೆ ಸರಿಯಾಗಿತ್ತು. ಉತ್ತರ ತಡವಾಯಿತು, ಮನ್ನಿಸಿ.

ಉಳಿದವರೂ ನೀವು ಬಾಲ್ಯದಲ್ಲಿ ಅರ್ಥವಾಗದೆಯೇ ನಕ್ಕು, ದೊಡ್ಡವರಾದ ಮೇಲೆ ಅರ್ಥಮಾಡಿಕೊಂಡ ತಮಾಷೆಗಳಿದ್ದರೆ ಬರೆದು ತಿಳಿಸಿ.